ಪೆರಿಯಾರ್ ನದಿಯ ಹಳದಿ ಮೀಸೆಮೀನು

ಕೇರಳದ ಪೆರಿಯಾರ್ ನದಿಯು ಆಲುವಾ ಪಟ್ಟಣವನ್ನು ದಾಟಿ ಕೊಚ್ಚಿಯ ಹಿನ್ನೀರನ್ನು ಸೇರುವ ಮುನ್ನ, ಅದರ ದಂಡೆಯಲ್ಲಿ ಏಲೂರ್ ಎಂಬ ಕೈಗಾರಿಕಾ ಪ್ರದೇಶವಿದೆ. 2024ರ ಮೇ ತಿಂಗಳಿನಲ್ಲಿ ಏಲೂರ್ ಹಾಗೂ ಎಡಯಾರ್ ಭಾಗದಲ್ಲಿ ಅಪಾರ ಪ್ರಮಾಣದ ಮೀನುಗಳು ಸತ್ತು ತೇಲಿದವು. ಪಂಜರಗಳಲ್ಲಿ ಮೀನು ಸಾಕಿದ್ದವರು ನಷ್ಟಕ್ಕೊಳಗಾದರು. ಇಂತಹ ಸಂದರ್ಭದಲ್ಲಿ ಸತ್ತ ಮೀನಿನ ತೂಕವನ್ನು ಅಂದಾಜು ಮಾಡಬಹುದು. ಆದರೆ ನದಿಯು ಯಾವ ಪ್ರಭೇದವನ್ನು ಎಷ್ಟರ ಮಟ್ಟಿಗೆ ಕಳೆದುಕೊಂಡಿತೆಂಬುದನ್ನು ತಿಳಿಯಲು ಮೀನುಗಳ ಗುರುತು ತಿಳಿದಿರಬೇಕು.

ಮಲಯಾಳದಲ್ಲಿ ಮೀಸೆಯುಳ್ಳ ಹಲವು ಮೀನುಗಳಿಗೆ 'ಕೂರಿ' ಎಂಬುದೇ ಹೆಸರು. ಅವುಗಳಲ್ಲಿ 'ಮಞ್ಞಕ್ಕೂರಿ', ಅಂದರೆ ಹಳದಿ ಕೂರಿ, ಕೇರಳ ಮತ್ತು ಕರ್ನಾಟಕದ ಪಶ್ಚಿಮವಾಹಿನಿ ನದಿಗಳಿಗೆ ಮಾತ್ರ ಸೀಮಿತವಾದುದು. ನಮ್ಮ ನೇತ್ರಾವತಿಯಲ್ಲಿಯೂ ಇದು ಉಂಟು. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದನ್ನು ಅಪಾಯಕ್ಕೀಡಾಗಬಹುದಾದ ಪ್ರಭೇದವೆಂದು ಸೇರಿಸಲಾಗಿದೆ. ಲೆಕ್ಕದ ಪುಸ್ತಕದಲ್ಲಿ ಬರಿಯ 'ಕೂರಿ' ಎಂದು ಬರೆದುಕೊಂಡರೆ ಇದರ ಅಳಿವು ಯಾರ ಗಮನಕ್ಕೂ ಬಾರದು.

ಗುರುತಿಸುವುದು ಕಷ್ಟವೇನಲ್ಲ. ದೇಹವು ಗಿಡ್ಡ ಹಾಗೂ ದಪ್ಪ, ಬಾಯಿ ಅಗಲ, ಮೀಸೆಗಳು ನಾಲ್ಕು ಜೊತೆ. ಕಣ್ಣುಗಳು ದೊಡ್ಡವು ಮತ್ತು ತಲೆಯ ಕೆಳಭಾಗದಲ್ಲಿರುವುದರಿಂದ ಮೀನನ್ನು ಅಂಗಾತ ಮಲಗಿಸಿದರೂ ಕಾಣಿಸುತ್ತವೆ. ಸಾಧಾರಣ ಕೂರಿಗಳಲ್ಲಿ ಹೊಟ್ಟೆಯ ಹಿಂದಿನ ಗುದರೆಕ್ಕೆಯು ಗಿಡ್ಡವಾಗಿದ್ದರೆ, ಇದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಡ್ಡಿಗಳುಳ್ಳ ಉದ್ದನೆಯ ರೆಕ್ಕೆಯಿರುತ್ತದೆ. ಕಿವಿರಿನ ಹಿಂದೆ, ಹೆಗಲಿನ ಮೇಲೆ ದೊಡ್ಡದೊಂದು ಕಪ್ಪು ಮಚ್ಚೆಯಿರುತ್ತದೆ. ಬಣ್ಣವನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ. ಮದ್ಯಸಾರದಲ್ಲಿಟ್ಟ ಮಾದರಿಯಲ್ಲಿ ಹಳದಿಯು ಮಾಸಿಹೋಗಿ ಕಪ್ಪು ಮಾತ್ರ ಉಳಿಯುತ್ತದೆ.

ವರ್ಗೀಕರಣದ ಕಥೆಯು ಇಷ್ಟು ಸರಳವಲ್ಲ. 1864ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಗುಂಥರ್ ಅವರು ಕೊಚ್ಚಿಯ ಮಾದರಿಯನ್ನು ಆಧರಿಸಿ ಇದನ್ನು 'ಸ್ಯೂಡೋಬಾಗ್ರಸ್ ಬ್ರಾಕಿಸೋಮಾ' ಎಂದು ಕರೆದರು. 'ಬ್ರಾಕಿಸೋಮಾ' ಎಂದರೆ ಗಿಡ್ಡ ದೇಹದ್ದು. ಮರುವರ್ಷವೇ, ಕೊಚ್ಚಿಯಲ್ಲಿ ವೈದ್ಯಾಧಿಕಾರಿಯಾಗಿದ್ದ ಫ್ರಾನ್ಸಿಸ್ ಡೇ ಅವರು ಅದೇ ಮೀನಿಗೆ, ಹೊಂಬಣ್ಣದ್ದೆಂಬ ಅರ್ಥದಲ್ಲಿ, 'ಕ್ರೈಸಿಯಸ್' ಎಂದು ಹೆಸರಿಟ್ಟರು. ಹೆಸರು ಚೆಲುವಾದುದೇ, ಆದರೆ ಮೊದಲು ಪ್ರಕಟವಾದ ಹೆಸರಿಗೇ ಮಾನ್ಯತೆಯೆಂಬುದು ಪ್ರಾಣಿಶಾಸ್ತ್ರದ ನಿಯಮ. 1955ರಲ್ಲಿ ಕೆ. ಸಿ. ಜಯರಾಮ್ ಅವರು ಇದಕ್ಕೆ ಪ್ರತ್ಯೇಕ ಕುಲವನ್ನು ರಚಿಸಿ, ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರ್ ಲಾಲ್ ಹೋರಾ ಅವರ ಗೌರವಾರ್ಥ 'ಹೋರಾಬಾಗ್ರಸ್' ಎಂದು ಕರೆದರು. ಕುಟುಂಬದ ಪ್ರಶ್ನೆ ಮತ್ತೂ ಮುಂದುವರಿಯಿತು. ಬಾಗ್ರಿಡೇ, ಶಿಲ್ಬೀಡೇ ಎಂದು ಬದಲಾಗುತ್ತ, ವಂಶವಾಹಿ ಅಧ್ಯಯನಗಳ ತರುವಾಯ ಇದನ್ನು ಈಗ 'ಹೋರಾಬಾಗ್ರಿಡೇ' ಎಂಬ ಪ್ರತ್ಯೇಕ ಕುಟುಂಬದಲ್ಲಿ ಇರಿಸಲಾಗುತ್ತಿದೆ.

ಇದೇ ಕುಲದ ಎರಡನೆಯ ಪ್ರಭೇದವನ್ನು 1994ರಲ್ಲಿ ನೆರೆಯ ಚಾಲಕ್ಕುಡಿ ನದಿಯಿಂದ ವರ್ಣಿಸಲಾಯಿತು. ಅದರ ಹೆಗಲಿನ ಕಪ್ಪು ಬಣ್ಣವು ಮಚ್ಚೆಯಾಗಿ ನಿಲ್ಲದೆ ಕತ್ತಿನ ಮೇಲ್ಭಾಗಕ್ಕೆ ಪಟ್ಟಿಯಂತೆ ಹಬ್ಬಿರುತ್ತದೆ. ಆದುದರಿಂದ ಬಲೆಗೆ ಬಿದ್ದ ಅಥವಾ ಸತ್ತು ತೇಲಿದ ಮೀನಿನ ಛಾಯಾಚಿತ್ರವನ್ನು ತೆಗೆಯುವವರು ಪಕ್ಕದಿಂದ ಒಂದು, ಬೆನ್ನಿನ ಮೇಲಿನಿಂದ ಒಂದು, ತಲೆಯ ಅಡಿಯಿಂದ ಇನ್ನೊಂದು ಚಿತ್ರವನ್ನು, ಗುದರೆಕ್ಕೆಯನ್ನು ಬಿಡಿಸಿ ಹಿಡಿದು ತೆಗೆದುಕೊಂಡು, ಸ್ಥಳ ಮತ್ತು ದಿನಾಂಕವನ್ನು ಬರೆದಿಟ್ಟುಕೊಳ್ಳತಕ್ಕದ್ದು.