ಹಿಡಿದುಕೊಂಡ ಪಂಪು

ಮನೆಯ ಹಿರಿಯರು ಪ್ರೀತಿಯಿಂದ ಓಡಿಸುತ್ತಿದ್ದ ಡೀಸೆಲ್ ಕಾರೊಂದು ಹತ್ತು ಹದಿನೈದು ವರ್ಷಗಳಿಂದ ಷೆಡ್ಡಿನಲ್ಲಿ ಧೂಳು ಹೊದ್ದು ನಿಂತಿದೆಯೆನ್ನಿ. ಒಂದು ಶುಭದಿನ ಮೊಮ್ಮಗನಿಗೆ ಅದನ್ನು ಮತ್ತೆ ರಸ್ತೆಗಿಳಿಸುವ ಹುಮ್ಮಸ್ಸು ಹುಟ್ಟುತ್ತದೆ. ಹೊಸ ಬ್ಯಾಟರಿ ಬರುತ್ತದೆ. ಟಯರುಗಳಿಗೆ ಗಾಳಿ ತುಂಬುತ್ತದೆ. ಟ್ಯಾಂಕಿಗೆ ಹೊಸ ಡೀಸೆಲ್ ಬೀಳುತ್ತದೆ. ಕಾರು ಮಾತ್ರ ಉಸಿರೆತ್ತುವುದಿಲ್ಲ. ಬಾನೆಟ್ಟಿನೊಳಗೆ ತಲೆ ತೂರಿಸಿ ನೋಡಿದ ಹಳೆಯ ಮೇಸ್ತ್ರಿಗಳು, “ಸ್ವಾಮಿ, ಪಂಪು ಹಿಡಿದುಕೊಂಡಿದೆ” ಎನ್ನುತ್ತಾರೆ.

“ನಾಲ್ಕು ಜನ ಸೇರಿ ನೂಕಿದರೆ ಎಂಜಿನ್ನು ಹೊತ್ತಿಕೊಳ್ಳುವುದಿಲ್ಲವೆ, ಮೇಸ್ತ್ರಿಗಳೇ?”

“ಹೊತ್ತಿಕೊಳ್ಳದಿದ್ದರೆ ಚಿಂತೆಯಿಲ್ಲ ಸ್ವಾಮಿ. ಹೊತ್ತಿಕೊಂಡರೇ ಅಪಾಯ!”

ಕೇಳಿದವರಿಗೆ ಇದು ಒಗಟಿನಂತೆ ತೋರೀತು. ಆದರೆ ಈ ಮಾತಿನಲ್ಲಿ ಅನುಭವದ ಸಾರವೇ ಅಡಗಿದೆ.

ಪುಟ್ಟ ಪೆಟ್ಟಿಗೆಯ ದೊಡ್ಡ ಕತೆ

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನವನ್ನು ಹೊತ್ತಿಸುವುದು ವಿದ್ಯುತ್ತಿನ ಕಿಡಿ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಬಿಗಿಯಾಗಿ ಒತ್ತಲ್ಪಟ್ಟು ಕಾದ ಗಾಳಿಯೇ ಅಲ್ಲಿ ಬೆಂಕಿ. ಆ ಗಾಳಿಯೊಳಕ್ಕೆ ತಕ್ಕ ಕ್ಷಣದಲ್ಲಿ, ತಕ್ಕ ಪ್ರಮಾಣದಲ್ಲಿ ಎಣ್ಣೆಯನ್ನು ಚಿಮ್ಮಿಸಬೇಕು. ಜರ್ಮನಿಯ ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದಾಗ, ಎಣ್ಣೆಯನ್ನು ಊದಿ ಕಳುಹಿಸಲು ಸಂಪೀಡಿತ ಗಾಳಿಯ ಭಾರಿ ಯಂತ್ರವೊಂದು ಜೊತೆಗಿರಬೇಕಾಗಿತ್ತು. ಇಂಥ ಹೊರೆಯನ್ನು ಕಾರು ಹೊತ್ತೀತೆ? ಡೀಸೆಲ್ 1913ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಕಾಣೆಯಾಗಿ ಮರಣಹೊಂದಿದ. ತನ್ನ ಹೆಸರಿನ ಎಂಜಿನ್ನು ಕಾರಿನಲ್ಲಿ ಕುಳಿತುದನ್ನು ಆತ ಕಾಣಲಿಲ್ಲ.

ಆ ಹೊರೆಯನ್ನು ಇಳಿಸಿದ್ದು ಒಂದು ಪುಟ್ಟ ಪಂಪು. ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ ಸಂಸ್ಥೆ 1922ರಲ್ಲಿ ಈ ಕೆಲಸಕ್ಕೆ ಕೈಹಾಕಿ, 1927ರಲ್ಲಿ ಇಂಜೆಕ್ಷನ್ ಪಂಪುಗಳನ್ನು ಸಾಲುಸಾಲಾಗಿ ತಯಾರಿಸಲಾರಂಭಿಸಿತು. ಮೊದಲು ಲಾರಿಗಳು ಅದರ ಫಲವನ್ನುಂಡವು. 1936ರಲ್ಲಿ, ಮೊದಲ ಡೀಸೆಲ್ ಕಾರುಗಳಲ್ಲೊಂದಾದ ಮರ್ಸಿಡಿಸ್ ಬೆಂಜ್ 260 ಡಿ ಬರ್ಲಿನ್ನಿನ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಯುದ್ಧಾನಂತರ 170 ಡಿ, ಅದರ ಬೆನ್ನಿಗೆ 180 ಡಿ ಬಂದವು.

ಕೂದಲೆಳೆಗಿಂತ ಕಿರಿದು

1767 ಘನ ಸೆಂಟಿಮೀಟರಿನ ಈ 180 ಡಿ ಕಾರನ್ನೇ ಉದಾಹರಣೆಯಾಗಿ ನೋಡೋಣ. ಅದರ ಎಂಜಿನ್ನಿಗೆ ನಾಲ್ಕು ಸಿಲಿಂಡರು. ಪಂಪಿನಲ್ಲಿ ಸಾಲಾಗಿ ನಾಲ್ಕು ಉಕ್ಕಿನ ಕೊಳವೆಗಳು. ಪ್ರತಿ ಕೊಳವೆಯಲ್ಲೂ ಕಿರುಬೆರಳಿನಂಥ ಒಂದೊಂದು ಪ್ಲಂಜರು. ಕೆಳಗಿನ ಕ್ಯಾಮು ಅದನ್ನು ಮೇಲಕ್ಕೆ ತಳ್ಳುತ್ತದೆ, ಸ್ಪ್ರಿಂಗು ಕೆಳಕ್ಕೆ ಎಳೆಯುತ್ತದೆ. ಎಣ್ಣೆ ಸೋರದಂತೆ ಇವೆರಡನ್ನೂ ಒಂದರೊಳಗೊಂದಿಟ್ಟು ಉಜ್ಜಿ ಜೋಡಿ ಮಾಡಿರುತ್ತಾರೆ. ನಡುವಣ ಸಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು. ತಲೆಗೂದಲಿನ ದಪ್ಪದ ಹತ್ತರಲ್ಲೊಂದು ಪಾಲೂ ಇರಲಾರದು. ಒಂದರ ಪ್ಲಂಜರನ್ನು ಮತ್ತೊಂದರ ಕೊಳವೆಗೆ ಹಾಕುವಂತಿಲ್ಲ.

ಪ್ಲಂಜರಿನ ಮೈಮೇಲೆ ಓರೆಯಾದ ಗೀರೊಂದಿರುತ್ತದೆ. ಪ್ಲಂಜರನ್ನು ಕೊಂಚ ತಿರುಗಿಸಿದರೆ ಎಣ್ಣೆಯ ಪ್ರಮಾಣ ಹೆಚ್ಚುತ್ತದೆ ಅಥವಾ ತಗ್ಗುತ್ತದೆ. ಹೀಗೆ ನಾಲ್ಕನ್ನೂ ಒಟ್ಟಿಗೆ ತಿರುಗಿಸುವುದು ರ‍್ಯಾಕ್ ಎಂಬ ಹಲ್ಲಿನ ಸರಳು. ನಾಲ್ಕರಲ್ಲಿ ಒಂದು ಹಿಡಿದುಕೊಂಡರೂ ಸಾಕು, ರ‍್ಯಾಕ್ ನಿಂತುಬಿಡುತ್ತದೆ. ಉಳಿದ ಮೂರೂ ಬಂದಿಗಳಾಗುತ್ತವೆ.

ಹಿಡಿದುಕೊಳ್ಳುವುದೇಕೆ? ಈ ಪ್ಲಂಜರುಗಳಿಗೆ ಡೀಸೆಲ್ಲೇ ಆಹಾರ, ಡೀಸೆಲ್ಲೇ ಅಭ್ಯಂಜನ. ಕಾರು ಓಡುತ್ತಿರುವ ತನಕ ಹೊಸ ಎಣ್ಣೆ ಬಂದು ಮೈ ಸವರಿ ಹೋಗುತ್ತದೆ. ನಿಂತರೆ ಆ ಎಣ್ಣೆಯೇ ಹಳಸಿ ಅಂಟಾಗಿ, ಮೆರುಗೆಣ್ಣೆಯಂತೆ ಗಟ್ಟಿಯಾಗುತ್ತದೆ. ಅರೆಖಾಲಿ ಟ್ಯಾಂಕಿನ ತೇವವು ನೀರಾಗಿ ಕೆಳಗಿಳಿದು ಪಂಪನ್ನು ಸೇರಿದರಂತೂ ತುಕ್ಕು ಹಿಡಿಯುತ್ತದೆ. ಅಂಟಾದರೆ ಕರಗಿಸಬಹುದು, ತುಕ್ಕು ಆಳಕ್ಕೆ ತಿಂದಿದ್ದರೆ ಆ ಜೋಡಿಯನ್ನೇ ಬದಲಿಸಬೇಕು.

ಒಗಟಿನ ಉತ್ತರ

ಮೇಸ್ತ್ರಿಗಳು ಹೇಳಿದ ಅಪಾಯ ಯಾವುದು? 180 ಡಿ ಕಾರಿನಲ್ಲಿ ವೇಗವನ್ನು ಹಿಡಿತದಲ್ಲಿಡುವ ಗವರ್ನರ್ ಗಾಳಿಯ ಎಳೆತದಿಂದ ಕೆಲಸ ಮಾಡುತ್ತದೆ. ಎಂಜಿನ್ನು ನಡೆಯುವಾಗ ಗಾಳಿಯ ಕೊಳವೆಯಲ್ಲಿ ಉಂಟಾಗುವ ನಿರ್ವಾತವು ಒಂದು ಪೊರೆಯನ್ನೆಳೆದು ರ‍್ಯಾಕನ್ನು ಹಿಂದಕ್ಕೆ ಸರಿಸುತ್ತದೆ. ಎಂಜಿನ್ನು ನಿಂತಾಗ ಎಳೆಯುವವರಿಲ್ಲ. ಸ್ಪ್ರಿಂಗು ರ‍್ಯಾಕನ್ನು ಪೂರ್ಣ ಎಣ್ಣೆಯ ಕಡೆಗೆ ತಳ್ಳಿ ನಿಲ್ಲಿಸುತ್ತದೆ. ವರ್ಷಗಟ್ಟಲೆ ನಿಂತ ಕಾರಿನ ಪಂಪು ಬಹುಮಟ್ಟಿಗೆ ಇದೇ ಭಂಗಿಯಲ್ಲಿ ಹಿಡಿದುಕೊಂಡಿರುತ್ತದೆ. ಇಂಥ ಕಾರನ್ನು ನೂಕಿ ಎಬ್ಬಿಸಿದರೆ ಕಡಿವಾಣವಿಲ್ಲದ ಕುದುರೆಯಂತೆ ಎಂಜಿನ್ನು ಕ್ಷಣಕ್ಷಣಕ್ಕೂ ವೇಗವೇರಿಸಿಕೊಂಡು ತನ್ನನ್ನು ತಾನೇ ಒಡೆದುಕೊಂಡೀತು. ಕೀಲಿಯನ್ನು ತಿರುಗಿಸಿ ನಿಲ್ಲಿಸೋಣವೆಂದರೆ, ಕಡಿದುಹಾಕಲು ಇಲ್ಲಿ ಕಿಡಿಯೇ ಇಲ್ಲ!

ಬಿಡಿಸುವ ಬಗೆ

ಆದುದರಿಂದ ಮೊದಲ ನಿಯಮ: ಸ್ಟಾರ್ಟರ್ ಮುಟ್ಟಬಾರದು, ನೂಕಬಾರದು. ಪಂಪಿನ ಹೊರಮೈಯನ್ನು ಚೆನ್ನಾಗಿ ತೊಳೆದು ಒರೆಸಿದ ಮೇಲೆ ಪಕ್ಕದ ಮುಚ್ಚಳವನ್ನು ತೆಗೆಯಬೇಕು. ಒಂದು ಮರಳಿನ ಕಣ ಒಳಹೊಕ್ಕರೂ ಅನಾಹುತವೇ. ಒಳಗೆ ನಾಲ್ಕು ಸ್ಪ್ರಿಂಗುಗಳು ಕಾಣುತ್ತವೆ. ಗ್ಲೋ ಪ್ಲಗ್ಗುಗಳನ್ನು ಬಿಚ್ಚಿದರೆ ಎಂಜಿನ್ನನ್ನು ಪಾನಾದಿಂದ ಕೈಯಲ್ಲೇ ಮೆಲ್ಲಗೆ ತಿರುಗಿಸಬಹುದು. ಎಲ್ಲಿಯಾದರೂ ಬಿಗಿದರೆ ಅಲ್ಲಿಗೇ ನಿಲ್ಲಿಸಬೇಕು. ಯಾವ ಪ್ಲಂಜರು ಮೇಲೇರಿ ಕೆಳಗಿಳಿಯದೆ ನಿಂತಿತೋ ಅದೇ ರೋಗಿ.

ಇನ್ನು ಚಿಕಿತ್ಸೆ. ತುಕ್ಕು ಬಿಡಿಸುವ ತೆಳುವಾದ ಎಣ್ಣೆಯನ್ನು ಪ್ಲಂಜರಿನ ಬುಡಕ್ಕೆ ಬಿಡಬೇಕು. ಮೇಲಿನ ಡೆಲಿವರಿ ವಾಲ್ವನ್ನು ಜೋಪಾನವಾಗಿ ಬಿಚ್ಚಿ ಅತ್ತಲಿಂದಲೂ ಬಿಡಬೇಕು. ಬಳಿಕ ಬೆಳಗು ಸಂಜೆ ಎಣ್ಣೆ ಬಿಡುತ್ತ ಕೆಲವು ದಿನ ಕಾಯಬೇಕು. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಪಂಪಿಗೆ ಸುತ್ತಿದರೆ ಅಂಟು ಮೆದುವಾದೀತು. ಆ ನೀರು ಒಳಗಿಳಿಯದಿರಲಿ. ಬೆಂಕಿಯ ಜ್ವಾಲೆ ಮಾತ್ರ ಕೂಡದು. ಆಮೇಲೆ ರ‍್ಯಾಕನ್ನು ಬೆರಳಿನಿಂದಲೇ ಅತ್ತಿತ್ತ ಅಲುಗಿಸಿ ನೋಡಬೇಕು. ಎಳ್ಳಷ್ಟು ಸರಿದರೂ ಅದು ಶುಭಸೂಚನೆ. ಮೇಲೆ ನಿಂತ ಪ್ಲಂಜರನ್ನು ಮರದ ಅಥವಾ ಹಿತ್ತಾಳೆಯ ಸಲಾಕೆಯಿಂದ ಹಗುರವಾಗಿ ಕೆಳಕ್ಕೊತ್ತಬಹುದು. ಸುತ್ತಿಗೆ, ಇಕ್ಕಳ, ಉಪ್ಪುಕಾಗದ ಈ ಮೂರೂ ಪಂಪಿನ ವೈರಿಗಳು. ಒಂದು ಗೀರು ಬಿದ್ದರೆ ಆ ಸೂಕ್ಷ್ಮವಾದ ಸಂದು ಕೆಟ್ಟಿತೆಂದೇ ಅರ್ಥ.

ಇಷ್ಟಕ್ಕೂ ಬಗ್ಗದಿದ್ದರೆ ಜೋಡಣೆಯ ಗುರುತುಗಳನ್ನು ಮಾಡಿಕೊಂಡು ಪಂಪನ್ನು ಇಳಿಸಿ, ಪಂಪ್ ಕೆಲಸದಲ್ಲಿ ಪಳಗಿದವರಿಗೆ ಒಪ್ಪಿಸುವುದೇ ವಿವೇಕ. ಸಿಲಿಂಡರುಗಳಿಗೆ ಸಮನಾಗಿ ಎಣ್ಣೆ ಸಲ್ಲುವುದೇ ಎಂದು ಅಳೆಯುವ ಯಂತ್ರ ಅವರಲ್ಲಿರುತ್ತದೆ. ಬೆಂಗಳೂರಿಗೆ ಈ ವಿದ್ಯೆ ಹೊಸದಲ್ಲ. 1951ರಲ್ಲಿ ಸ್ಥಾಪಿತವಾದ ಮೈಕೋ, ಬಾಷ್ ಮಾದರಿಯ ಪಂಪುಗಳನ್ನು ಆಡುಗೋಡಿಯ ಕಾರ್ಖಾನೆಯಲ್ಲಿ ತಯಾರಿಸಿ ದೇಶದ ಲಾರಿ, ಟ್ರ್ಯಾಕ್ಟರುಗಳಿಗೆ ಒದಗಿಸಿತು. 2008ರಲ್ಲಿ ಆ ಸಂಸ್ಥೆ ಬಾಷ್ ಎಂದೇ ಹೆಸರು ಬದಲಿಸಿಕೊಂಡಿತಾದರೂ ಹಳಬರ ಬಾಯಲ್ಲಿ ಅದು ಇಂದಿಗೂ ಮೈಕೋ.

ಪಂಪು ಬಿಟ್ಟುಕೊಂಡಿತೆಂದು ಹಿಗ್ಗಿ ಕೀಲಿ ತಿರುಗಿಸುವ ಮುನ್ನ ಕೆಲವು ಕೆಲಸಗಳುಂಟು. ಟ್ಯಾಂಕಿನ ಹಳೆಯ ಎಣ್ಣೆ ಬಸಿದು, ಫಿಲ್ಟರ್ ಬದಲಿಸಿ, ಕೊಳವೆಗಳಲ್ಲಿನ ಏರ್ ತೆಗೆಯಬೇಕು. ಗವರ್ನರಿನ ಪೊರೆ ಒಣಗಿ ಹರಿದಿಲ್ಲವೆಂದು ಪರೀಕ್ಷಿಸಬೇಕು. ಹರಿದಿದ್ದರೆ ಬಿಡಿಸಿದ ರ‍್ಯಾಕೂ ಅದೇ ಅಪಾಯಕ್ಕೆ ದಾರಿ. ನಿಲ್ಲಿಸುವ ಗುಂಡಿಯನ್ನು ಎಳೆದಾಗ ರ‍್ಯಾಕ್ ಸಲೀಸಾಗಿ ಸರಿದು, ಬಿಟ್ಟೊಡನೆ ಮರಳಬೇಕು. ಅಷ್ಟಾದರೂ ಮೊದಲ ಸಲ ಎಬ್ಬಿಸುವಾಗ ಒಬ್ಬರು ಮರದ ಹಲಗೆಯೊಂದನ್ನು ಹಿಡಿದು ಗಾಳಿಯ ಬಾಯಿಯ ಬಳಿ ನಿಂತಿರಲಿ. ಎಂಜಿನ್ನು ಹುಚ್ಚೆದ್ದರೆ ಆ ಬಾಯಿಯನ್ನು ಹಲಗೆಯಿಂದ ಮುಚ್ಚಿ ಉಸಿರು ಕಟ್ಟಿಸಬೇಕು, ಬರಿಗೈಯಿಂದಲ್ಲ. ನಾಝಲಿನಿಂದ ಚಿಮ್ಮುವ ಎಣ್ಣೆಗೂ ಕೈಯೊಡ್ಡಬಾರದು. ಅದು ಚರ್ಮವನ್ನು ಭೇದಿಸಿ ಒಳನುಗ್ಗಬಲ್ಲುದು.

ತಾತನ ಕಾರು ಮತ್ತೆ ಮಾತನಾಡಿದ ದಿನ ಮನೆಯಲ್ಲಿ ಹಬ್ಬವೇ ಸರಿ. ಆ ಹಬ್ಬ ಉಳಿಯಬೇಕಾದರೆ ಟ್ಯಾಂಕು ತುಂಬಿರಲಿ, ತಿಂಗಳಿಗೊಮ್ಮೆಯಾದರೂ ಕಾರು ಎಂಜಿನ್ನು ಬಿಸಿಯೇರುವಷ್ಟು ದೂರ ಓಡಲಿ. ಪಂಪು ಕೆಟ್ಟದ್ದು ಓಡಿದ್ದರಿಂದಲ್ಲ, ನಿಂತದ್ದರಿಂದ. ಬಲದಿಂದ ಬಿಡಿಸಹೋದವನು ಪಂಪನ್ನೂ ಕಳೆದುಕೊಂಡಾನು, ಎಂಜಿನ್ನನ್ನೂ ಕಳೆದುಕೊಂಡಾನು; ತಾಳಿದವನ ಕೈಗೆ ಎರಡೂ ದಕ್ಕುತ್ತವೆ.