ನಿವೃತ್ತರ ಕೈಯಲ್ಲಿ ಮತ್ತೆ ಮಾತಾಡಿದ ಪುಸ್ತಕಗಳು

ನಿವೃತ್ತಿ ಎಂದ ಕೂಡಲೇ ನಾವು ಪಿಂಚಣಿ, ಗ್ರಾಚ್ಯುಯಿಟಿಗಳ ಲೆಕ್ಕ ಹಾಕುತ್ತೇವೆ. ಮೂವತ್ತು ವರ್ಷ ಒಂದೇ ಕೆಲಸದಲ್ಲಿ ಪಳಗಿದ ಕೈಗಳು ಮರುದಿನದಿಂದ ಏನು ಮಾಡಬೇಕು ಎಂಬ ಲೆಕ್ಕ ಮಾತ್ರ ಉಳಿದುಬಿಡುತ್ತದೆ. ಅಮೆರಿಕದ ದೂರವಾಣಿ ನೌಕರರ ಕೂಟವೊಂದು ಇದಕ್ಕೆ ಕಂಡುಕೊಂಡ ದಾರಿಯನ್ನು ನೋಡೋಣ.

1911ರಲ್ಲಿ ಬೋಸ್ಟನ್ ನಗರದಲ್ಲಿ ‘ಟೆಲಿಫೋನ್ ಪಯೋನಿಯರ್ಸ್ ಆಫ್ ಅಮೆರಿಕ’ ಎಂಬ ಸಂಘ ಹುಟ್ಟಿತು. ದೂರವಾಣಿಯ ಜನಕ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರೂ ಅದರ ಸದಸ್ಯರಾಗಿದ್ದರು. ಅದು ಸೇವಾಸಂಸ್ಥೆಯಾಗಿ ಹುಟ್ಟಿದ್ದಲ್ಲ; ಬಹುಕಾಲ ಒಂದೇ ಉದ್ಯಮದಲ್ಲಿ ದುಡಿದವರು ಕೂಡಿ ಹಳೆಯ ದಿನಗಳನ್ನು ನೆನೆಯುವ ಗೆಳೆಯರ ಕೂಟ ಅಷ್ಟೇ. ಸಮುದಾಯ ಸೇವೆ ಅದರ ಗುರಿಗಳಲ್ಲಿ ಸೇರಿದ್ದು ದಶಕಗಳ ನಂತರ. ಹರಟೆಯ ಕೂಟಗಳನ್ನು ನಾವು ಹಗುರವಾಗಿ ಕಾಣುವುದುಂಟು. ಆದರೆ ಮೊದಲೇ ಸಲುಗೆಯಿರುವವರು ಸೇರಿ ಕೆಲಸಕ್ಕೆ ಕೈಹಾಕುವುದು ಅಪರಿಚಿತರನ್ನು ಒಟ್ಟುಗೂಡಿಸುವುದಕ್ಕಿಂತ ಎಷ್ಟೋ ಸುಲಭ.

ಅವರ ದೊಡ್ಡ ಕೆಲಸ ಅಂಧರ ಮನೆಗಳಿಗೆ ಸಂಬಂಧಿಸಿದ್ದು. 1931ರ ಒಂದು ಕಾನೂನಿನ ಪ್ರಕಾರ ಅಮೆರಿಕದ ವಯಸ್ಕ ಅಂಧರಿಗೆ ಪುಸ್ತಕ ಒದಗಿಸುವ ಹೊಣೆ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಬಂತು. ಇಳಿವಯಸ್ಸಿನಲ್ಲಿ ಕಣ್ಣು ಕಳೆದುಕೊಂಡವರಿಗೆ ಬ್ರೈಲ್ ಕಲಿಯುವುದು ಕಷ್ಟ. ಆದ್ದರಿಂದ ಪುಸ್ತಕಗಳನ್ನು ಓದಿಸಿ ಗ್ರಾಮಫೋನ್ ತಟ್ಟೆಗಳಲ್ಲಿ, ಮುಂದೆ ಕ್ಯಾಸೆಟ್‌ಗಳಲ್ಲಿ ಮುದ್ರಿಸಿದರು. ಅವನ್ನು ಕೇಳುವ ಯಂತ್ರವನ್ನೂ ಉಚಿತವಾಗಿ ಎರವಲು ಕೊಟ್ಟರು. ಆದರೆ ಯಂತ್ರ ಎಂದಮೇಲೆ ಕೆಡಲೇಬೇಕಲ್ಲ! ಕೆಟ್ಟ ದಿನ, ಒಂಟಿಯಾಗಿರುವ ಅಂಧ ಅಜ್ಜಿಯೊಬ್ಬರಿಗೆ ಮನೆಯಲ್ಲಿದ್ದ ಒಂದೇ ಒಂದು ದನಿಯೂ ನಿಂತುಹೋದಂತೆ.

1960ರಿಂದ ಪಯೋನಿಯರ್ಸ್ ಸದಸ್ಯರು ಈ ಯಂತ್ರಗಳನ್ನು ಉಚಿತವಾಗಿ ದುರಸ್ತಿ ಮಾಡತೊಡಗಿದರು. ತಂತಿ ಜೋಡಿಸುವುದು, ಬೆಸುಗೆ ಹಾಕುವುದು, ದೋಷ ಎಲ್ಲಿದೆಯೆಂದು ಹುಡುಕುವುದು ಅವರು ಜೀವಮಾನವಿಡೀ ಮಾಡಿದ ಕೆಲಸವೇ. ಇಲ್ಲೊಂದು ಸೂಕ್ಷ್ಮವಿದೆ. ಸೇವೆ ಎಂದರೆ ನಮ್ಮಲ್ಲಿ ಅನೇಕರು ಬರದ ಕೆಲಸವನ್ನೇ ಹೊಸದಾಗಿ ಹುಡುಕುತ್ತೇವೆ. ಲೆಕ್ಕಪತ್ರ ಬಲ್ಲ ಹಿರಿಯರನ್ನು ಹಬ್ಬದ ದಿನ ಕುರ್ಚಿ ಎತ್ತಲು ಕರೆಯುತ್ತೇವೆ! ಅವರು ಹಾಗೆ ಮಾಡಲಿಲ್ಲ. ಗುಂಪಾಗಿ ಕೂತುದರಿಂದ ಇನ್ನೊಂದು ಲಾಭವೂ ಇತ್ತು. ಒಬ್ಬರಿಗೆ ಸೌಖ್ಯವಿಲ್ಲದಿದ್ದರೆ ಕೆಲಸ ನಿಲ್ಲುವುದಿಲ್ಲ, ಬಲ್ಲವರು ಬಾರದವರಿಗೆ ಹೇಳಿಕೊಡುತ್ತಾರೆ, ಮನೆಯಿಂದ ಹೊರಡಲು ಒಂದು ನೆಪವೂ ಸಿಗುತ್ತದೆ. 2009ರಿಂದ ಡಿಜಿಟಲ್ ಯಂತ್ರಗಳು ಬಂದಾಗ ಕ್ಯಾಸೆಟ್ ಕಾಲದ ಕೈಗಳು ಹೊಸ ಪಾಠ ಕಲಿಯಬೇಕಾಯಿತು.

ಈ ಸಂಘದ ಹೆಸರಿನೊಡನೆ ಬೆಸೆದುಕೊಂಡ ಆಟವೊಂದೂ ಇದೆ. 1964ರಲ್ಲಿ ಕೊಲರಾಡೊದ ದೂರವಾಣಿ ಇಂಜಿನಿಯರ್ ಚಾರ್ಲ್ಸ್ ಫೇರ್‌ಬ್ಯಾಂಕ್ಸ್ ಚೆಂಡಿನೊಳಗೆ ದನಿ ಹೊರಡಿಸುವ ಸಾಧನವನ್ನು ಅಡಗಿಸಿದರು. ಬೀಪ್ ಬೀಪ್ ಎನ್ನುತ್ತ ಬರುವ ಚೆಂಡನ್ನು ಅಂಧ ಆಟಗಾರ ಕಿವಿಯಿಂದಲೇ ಗುರುತಿಸಿ ಬ್ಯಾಟು ಬೀಸುತ್ತಾನೆ. ಚೆಂಡಿಗೆ ಏಟು ಬಿದ್ದೊಡನೆ ಎರಡು ಕಂಬಗಳಲ್ಲಿ ಒಂದು ಗುಂಯ್‌ಗುಡತೊಡಗುತ್ತದೆ. ಯಾವುದೆಂದು ಮೊದಲೇ ಗೊತ್ತಿರುವುದಿಲ್ಲ. ಎದುರಾಳಿ ಚೆಂಡನ್ನು ತಡಕಿ ಎತ್ತುವಷ್ಟರಲ್ಲಿ ಅವನು ಆ ದನಿಯತ್ತ ಓಡಿ ಕಂಬ ಮುಟ್ಟಬೇಕು. ಎಲ್ಲ ಆಟಗಾರರ ಕಣ್ಣಿಗೂ ಪಟ್ಟಿ. ಅರೆಗಣ್ಣು ಕಾಣುವವರಿಗೂ ವಿನಾಯಿತಿಯಿಲ್ಲ. ಚೆಂಡೆಸೆಯುವವನಾದರೋ ಕಣ್ಣಿದ್ದವನು, ಅದೂ ಬ್ಯಾಟು ಹಿಡಿದವನ ತಂಡದವನೇ.