ಫ್ಲ್ಯಾಟಿಗಿರುವ ಕಾವಲು ಜಿಮ್ಮಿಗೆ ಯಾಕಿಲ್ಲ?

ದೆಹಲಿಯಿಂದ ಮೇರಠ್ ಕಡೆಗೆ ಹೋಗುವ ಹೆದ್ದಾರಿಯ ಎಡಬದಿಗೆ, ನೋಯ್ಡಾ ಸೆಕ್ಟರ್ 62ರ ಕಚೇರಿಗಳಿಂದ ಕೂಗಳತೆಯ ದೂರದಲ್ಲಿ, ಇಂದಿರಾಪುರಂ ಇದೆ. ಗಾಜಿಯಾಬಾದ್ ಅಭಿವೃದ್ಧಿ ಪ್ರಾಧಿಕಾರ ರೂಪಿಸಿದ ಬಡಾವಣೆ ಇದು. ಅಹಿಂಸಾ ಖಂಡ, ನ್ಯಾಯ ಖಂಡ, ವೈಭವ ಖಂಡ ಎಂದು ಹಂಚಿಹೋದ ಇಲ್ಲಿನ ಬಹುಮಹಡಿ ಕಟ್ಟಡಗಳಲ್ಲಿ ಇರುವವರು ಹೆಚ್ಚಾಗಿ ದಿನವಿಡೀ ಕುರ್ಚಿಯಲ್ಲಿ ಕೂತು ದುಡಿಯುವ ಮಧ್ಯಮವರ್ಗದವರು. ಜಿಮ್ ವ್ಯವಹಾರಕ್ಕೆ ಇಂಥ ಜಾಗವೇ ಬೇಕು. ಇಂಥ ಊರಿನಲ್ಲಿ ಹೊಸ ವಸತಿ ಯೋಜನೆಯ ಫ್ಲ್ಯಾಟ್ ಕೊಳ್ಳುವವರಿಗೆ ಒಂದು ರಕ್ಷಣೆ ಇದೆ: ಬಿಲ್ಡರ್ ಹಿಂದಿನ ಐದು ವರ್ಷಗಳಲ್ಲಿ ಕೈಗೊಂಡ ಯೋಜನೆಗಳು ಯಾವ ಹಂತದಲ್ಲಿವೆ, ಅವುಗಳ ಮೇಲೆ ಯಾವ ಮೊಕದ್ದಮೆಗಳಿವೆ ಎಂಬುದನ್ನು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ (ರೇರಾ) ತಿಳಿಸಲೇಬೇಕು. ಅಂಥದೇ ಕಟ್ಟಡದ ನೆಲಮಹಡಿಯಲ್ಲಿ ಹೆಸರಾಂತ ಬ್ರ್ಯಾಂಡಿನ ಜಿಮ್ ತೆರೆಯಲು ಜೀವಮಾನದ ಉಳಿತಾಯ ಸುರಿಯುವವರಿಗೆ ಮಾತ್ರ ಈ ರಕ್ಷಣೆ ಇಲ್ಲ. ಆ ಬ್ರ್ಯಾಂಡ್ ಕಂಪನಿ ತನ್ನ ಹೆಸರಿನಲ್ಲಿ ಮಳಿಗೆ ನಡೆಸಿದ ಹಳೆಯ ಫ್ರಾಂಚೈಸಿಗಳೊಂದಿಗೆ ಎಷ್ಟು ಕಡೆ ಕೋರ್ಟು ಹತ್ತಿದೆ ಎಂದು ಸಹಿಗೆ ಮುಂಚೆ ಹೇಳಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಈ ಕೊರತೆಯನ್ನು ಇನ್ನು ತುಂಬಲೇಬೇಕು.

ಹೇಳಲೇಬೇಕೆಂಬ ಕಟ್ಟಳೆ ಹುಟ್ಟಿದ್ದು ಅಮೆರಿಕದಲ್ಲಿ. 1960ರ ದಶಕದಲ್ಲಿ ಅಲ್ಲಿ ಫ್ರಾಂಚೈಸಿಯ ಅಲೆ ಎದ್ದಿತು. ಹೆಸರು ಮಾರಿ ಶುಲ್ಕ ಪಡೆದು, ಆಮೇಲೆ ಕೈಬಿಟ್ಟ ಕಂಪನಿಗಳೂ ಆ ಅಲೆಯಲ್ಲಿ ಬಂದವು. ಕ್ಯಾಲಿಫೋರ್ನಿಯಾ 1970ರಲ್ಲಿ ಮೊದಲ ಕಾಯ್ದೆ ಮಾಡಿತು. ಫೆಡರಲ್ ಟ್ರೇಡ್ ಕಮಿಷನ್ 1978ರ ಡಿಸೆಂಬರಿನಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ನಿಯಮ ಹೊರಡಿಸಿತು. ಅದು 1979ರ ಅಕ್ಟೋಬರಿನಲ್ಲಿ ಜಾರಿಗೆ ಬಂತು, 2007ರಲ್ಲಿ ಪರಿಷ್ಕೃತವಾಯಿತು. ಇದರ ಪ್ರಕಾರ ಸಹಿ ಅಥವಾ ಹಣ ಪಡೆಯುವುದಕ್ಕೆ ಕನಿಷ್ಠ 14 ದಿನ ಮುಂಚೆ, 23 ಬಾಬುಗಳ ವಿವರಣ ಪತ್ರವನ್ನು ಕೊಡಬೇಕು. ಅದರಲ್ಲಿ ಮೂರನೆಯ ಬಾಬು ವ್ಯಾಜ್ಯಗಳದು. ವಂಚನೆ, ಫ್ರಾಂಚೈಸಿ ಕಾನೂನಿನ ಉಲ್ಲಂಘನೆಯಂಥ ಆರೋಪಗಳಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಹೊಣೆಗಾರರೆಂದು ತೀರ್ಮಾನವಾಗಿದ್ದರೆ ಅದನ್ನೂ, ಈಗ ನಡೆಯುತ್ತಿರುವ ಮುಖ್ಯ ಪ್ರಕರಣಗಳನ್ನೂ ಬರೆಯಬೇಕು. ಬರಿಯ ಪಟ್ಟಿ ಸಾಲದು: ಪ್ರಕರಣದ ಹೆಸರು, ಸಂಖ್ಯೆ, ಯಾವ ನ್ಯಾಯಾಲಯ, ದಾಖಲಾದ ದಿನ, ಯಾರ ಮೇಲೆ ಯಾರು, ಏನು ಆರೋಪ, ಏನು ಪರಿಹಾರ ಎಂಬಷ್ಟೂ ಇರಬೇಕು. ಕಂಪನಿಯೇ ತನ್ನ ಫ್ರಾಂಚೈಸಿಗಳ ಮೇಲೆ ರಾಯಲ್ಟಿ ಬಾಕಿಗಾಗಿಯೋ ಬೇರೆ ಕಾರಣಕ್ಕೋ ಹೂಡಿದ ಹಿಂದಿನ ವರ್ಷದ ದಾವೆಗಳನ್ನೂ ತೋರಿಸಬೇಕೆಂದು 2007ರ ಪರಿಷ್ಕರಣೆ ಸೇರಿಸಿತು. ಬಾಕಿಯ ದಾವೆಗಳು ಸಾಲುಸಾಲಾಗಿದ್ದರೆ, ಅಂಗಡಿ ಇಟ್ಟವರ ಕೈಗೆ ಏನೂ ಉಳಿಯುತ್ತಿಲ್ಲವೇ ಎಂದು ಓದುಗ ಕೇಳಿಕೊಳ್ಳಬಹುದು. ಆದರೆ ಈ ನಿಯಮ ಅಮೆರಿಕದೊಳಗೆ ತೆರೆಯುವ ಮಳಿಗೆಗಳಿಗೆ ಮಾತ್ರ. ಒಂದೇ ಜಿಮ್ ಬ್ರ್ಯಾಂಡ್ ಒಹಾಯೊದವರಿಗೆ ಹೇಳಲೇಬೇಕಾದದ್ದನ್ನು ಇಂದಿರಾಪುರಂನವರಿಗೆ ಹೇಳದೆ ಇರಬಹುದು.

ಈ ತತ್ವ ನಮಗೆ ಹೊಸದಲ್ಲ. ಷೇರು ಮಾರುವ ಕಂಪನಿ ತನ್ನ ಮೇಲಿರುವ ಪ್ರಕರಣಗಳನ್ನು ಪ್ರಾಸ್ಪೆಕ್ಟಸ್‌ನಲ್ಲಿ ಬರೆಯಬೇಕೆಂಬುದು ಸೆಬಿಯ ನಿಯಮ. 1932ರಲ್ಲಿ ಮುಂಬೈಯಲ್ಲಿ ಶುರುವಾದ ತಲ್ವಲ್ಕರ್ಸ್ ಜಿಮ್ ಮನೆತನದ ಕಂಪನಿ 2010ರಲ್ಲಿ ಷೇರುಪೇಟೆಗೆ ಬಂದಾಗ ಅದಕ್ಕೂ ಈ ನಿಯಮವೇ ಅನ್ವಯಿಸಿತ್ತು. ಚುನಾವಣೆಗೆ ನಿಲ್ಲುವವರು ತಮ್ಮ ಮೇಲಿನ ಕ್ರಿಮಿನಲ್ ಪ್ರಕರಣಗಳನ್ನು ಮತದಾರರಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. 2016ರ ರೇರಾ ಕಾಯ್ದೆ ಬಿಲ್ಡರ್‌ಗಳನ್ನೂ ಈ ಸಾಲಿಗೆ ತಂದಿತು. ಒಂದು ಕಂಪನಿಯ ಕೆಲವು ಷೇರು ಕೊಂಡವರಿಗೆ ವ್ಯಾಜ್ಯದ ವಿವರ ಸಿಗುತ್ತದೆ. ಅದರ ಹೆಸರಿನಲ್ಲಿ ಬಾಡಿಗೆ ಕರಾರು, ಬ್ಯಾಂಕ್ ಸಾಲ, ಟ್ರೆಡ್‌ಮಿಲ್ ಖರೀದಿ ಎಲ್ಲವನ್ನೂ ತಲೆಯ ಮೇಲೆ ಹೊತ್ತವರಿಗೆ ಸಿಗುವುದಿಲ್ಲ. ಹೆಚ್ಚು ಕಳೆದುಕೊಳ್ಳಬಹುದಾದವರಿಗೇ ಕಡಿಮೆ ತಿಳಿಸುವ ಈ ಏರ್ಪಾಡಿಗೆ ಸಮರ್ಥನೆ ಕಾಣುವುದಿಲ್ಲ.

ಫ್ರಾಂಚೈಸಿ ಎಂಬುದು ನಮ್ಮ ಸರ್ಕಾರಕ್ಕೆ ಗೊತ್ತಿಲ್ಲವೆಂದೂ ಅಲ್ಲ. 2003ರಲ್ಲೇ ಅದರ ಮೇಲೆ ಸೇವಾ ತೆರಿಗೆ ಬಂತು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಫ್ರಾಂಚೈಸಿ ಒಪ್ಪಂದಗಳನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿತು. ತೆರಿಗೆ ಕಟ್ಟುವಾಗ, ಜಗಳವಾದ ಮೇಲೆ ಕೋರ್ಟಿಗೆ ಹೋಗುವಾಗ ಕಾನೂನು ಅದನ್ನು ಗುರುತಿಸುತ್ತದೆ. ಸಹಿ ಹಾಕುವ ಮುನ್ನ ಮಾತ್ರ ಗುರುತಿಸುವುದಿಲ್ಲ. ಆ ಗಳಿಗೆಗೆ ಇರುವುದು 1872ರ ಕರಾರು ಕಾಯ್ದೆ. ಅದರ 17ನೇ ಕಲಂ ಪ್ರಕಾರ, ಹೇಳುವ ಕರ್ತವ್ಯವಿದ್ದ ಸಂದರ್ಭಗಳನ್ನು ಬಿಟ್ಟರೆ ಬರಿಯ ಮೌನ ವಂಚನೆಯಲ್ಲ. ಮೌನವೇ ವಂಚನೆಯಾದ ಕಡೆಯೂ, ಸಾಧಾರಣ ಎಚ್ಚರ ವಹಿಸಿದ್ದರೆ ನಿಜ ತಿಳಿಯುತ್ತಿತ್ತು ಎಂದಾದರೆ ಒಪ್ಪಂದ ರದ್ದುಪಡಿಸಲು ಬರುವುದಿಲ್ಲ ಎನ್ನುತ್ತದೆ 19ನೇ ಕಲಂ.

ಹಾಗಿದ್ದರೆ ಎಚ್ಚರ ವಹಿಸಲಿ, ಇ-ಕೋರ್ಟ್ಸ್ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿ ಹುಡುಕಲಿ ಎಂಬುದು ಮೊದಲ ಆಕ್ಷೇಪ. ಹುಡುಕಬೇಕು, ನಿಜ. ಆದರೆ ಜಿಲ್ಲೆ ಜಿಲ್ಲೆಯಾಗಿ ಹುಡುಕಬೇಕು, ಕಂಪನಿಯ ನೋಂದಾಯಿತ ಹೆಸರು ಗೊತ್ತಿರಬೇಕು. ವಿದೇಶಿ ಬ್ರ್ಯಾಂಡುಗಳಲ್ಲಿ ಭಾರತದ ಹಕ್ಕು ಪಡೆದ ಮಾಸ್ಟರ್ ಫ್ರಾಂಚೈಸಿಯ ಹೆಸರು ಬೋರ್ಡಿನ ಮೇಲಿರುವುದಿಲ್ಲ. ಇದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿದೆ. ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ತಕರಾರು ಮಧ್ಯಸ್ಥಗಾರರ ಮುಂದೆ ಹೋಗಬೇಕೆಂಬ ಷರತ್ತು ಇರುತ್ತದೆ. ಮಧ್ಯಸ್ಥಿಕೆ ಕಾಯ್ದೆಗೆ 2019ರಲ್ಲಿ ಸೇರಿದ 42ಎ ಕಲಂ ಆ ನಡಾವಳಿಯನ್ನು ಗೋಪ್ಯವಾಗಿಡಬೇಕೆನ್ನುತ್ತದೆ. ತಡೆಯಾಜ್ಞೆಗೋ ತೀರ್ಪಿನ ಜಾರಿಗೋ ಯಾರಾದರೂ ಕೋರ್ಟಿಗೆ ಬಂದರಷ್ಟೇ ಹೊರಗೆ ಗೊತ್ತಾಗುತ್ತದೆ. ಎಷ್ಟು ಹುಡುಕಿದರೂ ಸಿಗದ ಸಂಗತಿಯನ್ನು ಹುಡುಕಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಕೇಸು ಬಿದ್ದ ಮಾತ್ರಕ್ಕೆ ತಪ್ಪು ಮಾಡಿದಂತಲ್ಲ, ಸುಳ್ಳು ದಾವೆಗಳಿಂದ ಒಳ್ಳೆಯ ಕಂಪನಿಯ ಹೆಸರೂ ಕೆಡುತ್ತದೆ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಹುರುಳಿದೆ. ಅದಕ್ಕೆಂದೇ ಆರೋಪದ ಜತೆಗೆ ಫಲಿತಾಂಶವನ್ನೂ ಬರೆಯಬೇಕು, ಸಣ್ಣಪುಟ್ಟ ದೈನಂದಿನ ತಕರಾರುಗಳನ್ನು ಬಿಡಬೇಕು. ಗೆದ್ದ ಕಂಪನಿ ಗೆದ್ದೆನೆಂದೇ ಬರೆಯಬಹುದು. ಫ್ರಾಂಚೈಸಿ ಪಡೆಯುವವನೂ ವ್ಯಾಪಾರಿಯೇ, ಲಾಭದ ಆಸೆಗೆ ಬಂದವನು ನಷ್ಟಕ್ಕೂ ಸಿದ್ಧನಿರಬೇಕು ಎಂಬುದು ಮೂರನೆಯ ಆಕ್ಷೇಪ. ಲಾಭದ ಆಸೆಗೆ ಬಂದ ಹೂಡಿಕೆದಾರನನ್ನು ಸೆಬಿ ಕಾಯುವಾಗ ಈ ಮಾತು ಯಾರೂ ಎತ್ತುವುದಿಲ್ಲ. ಗ್ರಾಹಕನೆಂದು ರಕ್ಷಣೆ ಕೇಳುವುದೂ ಕಷ್ಟ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶದ ಖರೀದಿಯನ್ನು ಹೊರಗಿಟ್ಟಿದೆ; ಹೊಟ್ಟೆಪಾಡಿನ ಸ್ವಯಂ ಉದ್ಯೋಗಕ್ಕೆ ಮಾತ್ರ ವಿನಾಯಿತಿ. ಜೊತೆಗೆ, ಜಿಮ್ಮಿನಲ್ಲಿ ನಷ್ಟ ಮಾಲೀಕನೊಬ್ಬನದಲ್ಲ. ವರ್ಷದ ಸದಸ್ಯತ್ವಕ್ಕೆ ಹಣ ಮುಂಗಡವಾಗಿ ಕಟ್ಟಿದವರಿರುತ್ತಾರೆ, ಸಂಬಳಕ್ಕೆ ಕಾಯುವ ತರಬೇತುದಾರರಿರುತ್ತಾರೆ. ಬ್ರ್ಯಾಂಡ್ ಜತೆಗಿನ ಜಗಳದಲ್ಲಿ ಬಾಗಿಲು ಮುಚ್ಚಿದರೆ ಅವರೆಲ್ಲ ಬಂದು ನಿಲ್ಲುವುದು ಸ್ಥಳೀಯ ಮಾಲೀಕನ ಮುಂದೆ.

ಕಾಯ್ದೆ ಬರೆಯಲು ಮಾದರಿಯೂ ಸಿದ್ಧವಿದೆ. ಭಾರತವೂ ಸದಸ್ಯನಾಗಿರುವ, ರೋಮ್‌ನ ಯೂನಿಡ್ರಾ ಎಂಬ ಅಂತರಸರ್ಕಾರಿ ಸಂಸ್ಥೆ 2002ರಲ್ಲೇ ಫ್ರಾಂಚೈಸಿ ವಿವರ ಬಹಿರಂಗಕ್ಕೆ ಮಾದರಿ ಕಾನೂನು ಕೊಟ್ಟಿದೆ. ವ್ಯಾಜ್ಯಗಳ ವಿವರ ಅದರಲ್ಲೂ ಕಡ್ಡಾಯ. ಅಂಥ ಕಾಯ್ದೆ ಬರುವವರೆಗೆ 1872ರ ಕರಾರು ಕಾಯ್ದೆಯಲ್ಲೇ ಒಂದು ದಾರಿ ಇದೆ. ಐದು ವರ್ಷಗಳ ದಾವೆಗಳು, ಮಧ್ಯಸ್ಥಿಕೆಗಳು, ಅವಧಿಗೆ ಮುಂಚೆ ಮುಗಿದ ಫ್ರಾಂಚೈಸಿಗಳ ಪಟ್ಟಿ ಕೊಡಿ ಎಂದು ಲಿಖಿತವಾಗಿ ಕೇಳಬೇಕು. ಗೋಪ್ಯತೆಯ ನೆಪ ಬಂದರೆ, ವಿವರ ಬೇಡ, ಎಷ್ಟು ಎಂಬುದನ್ನಾದರೂ ಹೇಳಿ ಎನ್ನಬೇಕು. ಬಂದ ಉತ್ತರವನ್ನು ಒಪ್ಪಂದಕ್ಕೆ ಅನುಬಂಧವಾಗಿ ಸೇರಿಸಬೇಕು. ಏಕೆಂದರೆ ಒಪ್ಪಂದದಲ್ಲಿ ಇಲ್ಲದ ಮಾತು ಲೆಕ್ಕಕ್ಕಿಲ್ಲ ಎಂಬ ಷರತ್ತು ಇಂಥ ಪತ್ರಗಳಲ್ಲಿ ಸಾಮಾನ್ಯ. ಕೇಳಿದ ಮೇಲೆ ಗೊತ್ತಿದ್ದೂ ಸುಳ್ಳು ಬರೆದುಕೊಟ್ಟರೆ ಅದು ಮೌನವಾಗಿ ಉಳಿಯುವುದಿಲ್ಲ, ನೇರ ವಂಚನೆಯಾಗುತ್ತದೆ. ಆಗ 'ನೀವೇ ಹುಡುಕಬಹುದಿತ್ತು' ಎಂಬ ಗುರಾಣಿ ಕಂಪನಿಗೆ ಸಿಗದು. ಆದರೆ ಕೇಳುವ ಧೈರ್ಯ, ವಕೀಲರಿಗೆ ಕೊಡುವ ಹಣ ಇದ್ದವರಿಗೆ ಮಾತ್ರ ಸಿಗುವ ರಕ್ಷಣೆ ಇದು. ಕೇಳಲು ತಿಳಿಯದವರ ಪರವಾಗಿ ಕೇಳುವುದು ಸಂಸತ್ತಿನ ಕೆಲಸ. ಫ್ಲ್ಯಾಟ್ ಕೊಳ್ಳುವವರ ಪರವಾಗಿ 2016ರಲ್ಲಿ ಆ ಕೆಲಸ ಆಗಿದೆ. ಜಿಮ್ ತೆರೆಯುವವರ ಪರವಾಗಿಯೂ ಆಗಬೇಕು.